ಸಮನ್ಸ್ ಬಂದಾಗ ಮನೆಯಲ್ಲಿ ಯಾರೂ ಇಲ್ಲ

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಒಂಟಿಮನೆಗಳೇ ಹೆಚ್ಚು. ತೋಟದ ಅಂಚಿನ ಮನೆಯೊಂದನ್ನು ಹುಡುಕಿಕೊಂಡು ಹೊರಟ ಅಪರಿಚಿತರು ದಾರಿಯಲ್ಲಿ ನಾಲ್ಕು ಕಡೆ ವಿಚಾರಿಸಲೇಬೇಕು. ಕೋರ್ಟಿನ ಅಮೀನರು ಹಾಗೆ ವಿಚಾರಿಸುತ್ತ ಬಂದರೆ ಅವರಿಗಿಂತ ಮೊದಲು ಸುದ್ದಿ ಅಂಗಳ ತಲುಪಿರುತ್ತದೆ. ಸಾಲ ಮಾಡಿದವರು ಹಿತ್ತಿಲ ದಾರಿಯಲ್ಲಿ ತೋಟಕ್ಕೆ ಇಳಿಯುತ್ತಾರೆ. ಜಗಲಿಯಲ್ಲಿ ನಿಂತವರು ‘ಯಜಮಾನರು ಊರಲ್ಲಿಲ್ಲ’ ಎನ್ನುತ್ತಾರೆ. ಬಾಕಿ ಸಾಲದ ದಾವೆಗೆ ಮಲೆನಾಡಿನ ಎಷ್ಟೋ ಮನೆಗಳು ಕೊಡುವ ಮೊದಲ ಉತ್ತರ ಇದೇ.

ಈ ರೂಢಿಯ ಹಿಂದೆ ಮೋಸದ ಬುದ್ಧಿಗಿಂತ ಮರ್ಯಾದೆಯ ಭಯ ದೊಡ್ಡದು. ಈ ಮೂರು ತಾಲೂಕುಗಳ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ. ಮಳೆಗಾಲದ ಕೊಳೆ ಮೊದಲಿನಿಂದಲೂ ಇತ್ತು. ಈಚಿನ ವರ್ಷಗಳಲ್ಲಿ ಎಲೆಚುಕ್ಕಿಯೂ ಸೇರಿಕೊಂಡಿತು. ಮರ ಸತ್ತ ಜಾಗದಲ್ಲಿ ಸಸಿ ನೆಟ್ಟರೆ ಫಸಲಿಗೆ ವರ್ಷಗಟ್ಟಲೆ ಕಾಯಬೇಕು, ಸಾಲದ ಕಂತು ಮಾತ್ರ ಕಾಯುವುದಿಲ್ಲ. ಹಾಗಾಗಿ ಸುಸ್ತಿದಾರರೆಲ್ಲ ಸಾಲ ಮುಳುಗಿಸಲು ಹೊರಟವರಲ್ಲ. ಕಾರಣ ಎಷ್ಟೇ ಅರ್ಥವಾಗುವಂಥದ್ದಾದರೂ, ಫಲ ನೋಡಿ ಅಳೆದರೆ ತಲೆತಪ್ಪಿಸಿಕೊಳ್ಳುವುದು ಸಾಲಗಾರ ತನಗೆ ತಾನೇ ಮಾಡಿಕೊಳ್ಳುವ ಅತಿ ದೊಡ್ಡ ನಷ್ಟ.

ಸಮನ್ಸ್ ತೆಗೆದುಕೊಳ್ಳದಿದ್ದರೆ ಕೇಸು ಅಲ್ಲಿಗೇ ನಿಲ್ಲುತ್ತದೆ ಎಂಬ ನಂಬಿಕೆ ಊರಲ್ಲಿ ಇನ್ನೂ ಗಟ್ಟಿಯಾಗಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳುವುದು ಬೇರೆ. ಬೇಡವೆಂದವರ ಬಾಗಿಲಿಗೆ ಅಮೀನರು ಸಮನ್ಸಿನ ಪ್ರತಿ ಅಂಟಿಸಿ ಷರಾ ಬರೆದುಕೊಂಡು ಹೋಗಬಹುದು; ನಿರಾಕರಿಸಿದ್ದನ್ನು ಕೋರ್ಟು ಜಾರಿಯಾಗಿದೆ ಎಂದೇ ಪರಿಗಣಿಸಬಹುದು; ಬೇಕೆಂದೇ ತಪ್ಪಿಸಿಕೊಳ್ಳುತ್ತಿದ್ದರೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಿಸಬಹುದು. ನಾಲ್ಕು ಮನೆಗೆ ತಿಳಿಯಬಾರದೆಂದು ಬಚ್ಚಿಟ್ಟ ವಿಷಯ ಜಿಲ್ಲೆಗೆಲ್ಲ ತಿಳಿಯುತ್ತದೆ. ವಾಯಿದೆಯ ದಿನ ಪ್ರತಿವಾದಿ ಬಾರದಿದ್ದರೆ ಏಕಪಕ್ಷೀಯ ಡಿಕ್ರಿ. ಅದನ್ನು ರದ್ದುಪಡಿಸಿಕೊಳ್ಳಲು ಇರುವುದು ಮೂವತ್ತು ದಿನ. ಸಮನ್ಸ್ ಸರಿಯಾಗಿ ಜಾರಿಯಾಗಿದ್ದರೆ ಈ ಲೆಕ್ಕ ಡಿಕ್ರಿಯ ದಿನದಿಂದಲೇ ಶುರುವಾಗುತ್ತದೆ, ಸಾಲಗಾರನಿಗೆ ಸುದ್ದಿ ಮುಟ್ಟಿದ ದಿನದಿಂದಲ್ಲ.

ಕೋರ್ಟಿಗೆ ಹೋದವರಿಗೆ ಸಿಗುವುದೇನು? ಲಿಖಿತ ಹೇಳಿಕೆ ಸಲ್ಲಿಸಲು ಸಾಮಾನ್ಯ ದಾವೆಯಲ್ಲಿ ಮೂವತ್ತು ದಿನ, ಕಾರಣ ಕೊಟ್ಟರೆ ತೊಂಬತ್ತರವರೆಗೆ. ಸಾಲ ನಿಜ, ಕೈಯಲ್ಲಿ ಹಣವಿಲ್ಲ ಎನ್ನುವವರಿಗೂ ದಾರಿಯಿದೆ. ಸರಿಯಾದ ಕಾರಣ ಕಂಡರೆ ಡಿಕ್ರಿ ಮಾಡುವಾಗಲೇ ನ್ಯಾಯಾಧೀಶರು ಕಂತು ಗೊತ್ತುಮಾಡಬಹುದು. ಡಿಕ್ರಿ ಆದ ಮೇಲೆ ಅದೇ ಕಂತಿಗೆ ಡಿಕ್ರಿದಾರನ ಒಪ್ಪಿಗೆ ಬೇಕು. ಸಮನ್ಸ್ ಬಂದ ದಿನ ಕೋರ್ಟಿನಲ್ಲಿ ಕೇಳಬಹುದಾಗಿದ್ದ ರಿಯಾಯಿತಿಗೆ ಅಮಲ್ಜಾರಿಯ ದಿನ ಸಾಲ ಕೊಟ್ಟವನ ಮನೆ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ಕೃಷಿಕನ ವಾಸದ ಮನೆ, ಬೇಸಾಯದ ಉಪಕರಣ, ಜಾನುವಾರು, ಬಿತ್ತನೆ ಬೀಜಗಳಿಗೆ ಸಂಹಿತೆಯ 60ನೇ ಕಲಂ ಜಪ್ತಿಯಿಂದ ರಕ್ಷಣೆ ಕೊಟ್ಟಿದೆ ನಿಜ. ಆದರೆ ಇದು ಕೃಷಿಕನ ಮನೆ ಎಂದು ಕೋರ್ಟಿನ ಮುಂದೆ ಯಾರಾದರೂ ಹೇಳಬೇಕಲ್ಲ!

ಹಾಜರಾದವರ ಉತ್ತರಗಳೂ ವಿಮರ್ಶೆಗೆ ಹೊರತಲ್ಲ. ‘ದಾವೆಯ ಅಂಶಗಳೆಲ್ಲ ಸುಳ್ಳು, ಕಟ್ಟುಕಥೆ’ ಎಂದು ಅಚ್ಚು ಹೊಡೆದಂತೆ ಬರೆಯುವುದು ವಕೀಲರ ಹಳೆಯ ಚಾಳಿ. ಸ್ಪಷ್ಟವಾಗಿ ಅಲ್ಲಗಳೆಯದ ಸಂಗತಿಯನ್ನು ಒಪ್ಪಿದಂತೆ ಎಂದು ಎಣಿಸುವ ಕಾನೂನಿನ ಮುಂದೆ ಇಂಥ ಬರಹಕ್ಕೆ ಬೆಲೆ ಕಡಿಮೆ. ಪ್ರೋನೋಟಿನ ವ್ಯಾಜ್ಯವನ್ನೇ ನೋಡಿ. ಕೇಳಿದಾಗ ಕೊಡುತ್ತೇನೆಂದು ಬರೆದ ನೋಟಿಗೆ ಬರೆದ ದಿನದಿಂದ ಮೂರು ವರ್ಷ ವಾಯಿದೆ. ಅದು ಮುಗಿಯುವ ಮುಂಚೆ ನೋಟಿನ ಬೆನ್ನಿಗೆ ‘ಬಡ್ಡಿ ಬಾಬ್ತು ಐನೂರು ರೂಪಾಯಿ ಜಮಾ’ ಎಂಬ ಒಂದು ಸಾಲಿನ ಷರಾ, ಕೆಳಗೊಂದು ಸಹಿ ಬಿದ್ದರೆ ಲೆಕ್ಕ ಮತ್ತೆ ಹೊಸದಾಗಿ ಶುರು. ಇಡೀ ಕೇಸು ಎಷ್ಟೋ ಸಲ ಆ ಪುಟ್ಟ ಷರಾದ ಮೇಲೆ ನಿಂತಿರುತ್ತದೆ. ಸಹಿ ತನ್ನದೋ ಅಲ್ಲವೋ, ಆ ತಾರೀಖಿನಲ್ಲಿ ಹಣ ಕೊಟ್ಟದ್ದು ಹೌದೋ ಅಲ್ಲವೋ, ಅಸಲಿಗೆ ಎಷ್ಟು ಸಂದಿದೆ, ರಸೀತಿ ಎಲ್ಲಿದೆ ಎಂದು ಹೇಳುವ ಎರಡು ಪುಟದ ಉತ್ತರ, ಇಪ್ಪತ್ತು ಪುಟದ ನಿರಾಕರಣೆಗಿಂತ ಮೇಲು.

ಚೆಕ್ ಬೌನ್ಸ್ ಪ್ರಕರಣಗಳಲ್ಲಂತೂ ಮೌನ ಇನ್ನೂ ದುಬಾರಿ. ಅವು ಹೋಗುವುದು ಕ್ರಿಮಿನಲ್ ಕೋರ್ಟಿಗೆ. ರಾಣೆಬೆನ್ನೂರಿನಲ್ಲಿ ಮನೆ ಕಟ್ಟಿಸುತ್ತಿದ್ದ ಮೆಕ್ಯಾನಿಕ್ ಒಬ್ಬರು, ಕಟ್ಟಡದ ಉಸ್ತುವಾರಿ ನೋಡುತ್ತಿದ್ದ ಎಂಜಿನಿಯರಿಂದ 45,000 ರೂಪಾಯಿ ಕೈಸಾಲ ಪಡೆದು ಚೆಕ್ ಕೊಟ್ಟಿದ್ದರೆಂಬ ದೂರು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಚೆಕ್ಕು ಚಿಕ್ಕಮಗಳೂರು ಜಿಲ್ಲೆಯದೇ ಆದ ಕುದುರೆಮುಖದ ಬ್ಯಾಂಕ್ ಶಾಖೆಯದು. ಸಹಿ ಮಾಡಿದ ಖಾಲಿ ಚೆಕ್ಕು ಕಳೆದುಹೋಗಿತ್ತು ಎಂಬುದು ಆರೋಪಿಯ ವಾದ. ಹಾಗಿದ್ದರೆ ಲೀಗಲ್ ನೋಟಿಸ್ ಬಂದಾಗಲೇ ಅದನ್ನೇಕೆ ಹೇಳಲಿಲ್ಲ? 2010ರ ಮೇ 7ರಂದು ಮೂವರು ನ್ಯಾಯಮೂರ್ತಿಗಳ ಪೀಠ ಆತನ ವಿರುದ್ಧ ತೀರ್ಪು ಕೊಟ್ಟಾಗ, ನೋಟಿಸಿಗೆ ಉತ್ತರಿಸದಿದ್ದುದೂ ಒಂದು ಕಾರಣವಾಗಿತ್ತು.

ಅದೇ ಸುಪ್ರೀಂ ಕೋರ್ಟು 2019ರ ಏಪ್ರಿಲ್‌ನಲ್ಲಿ ಕರ್ನಾಟಕದ್ದೇ ಇನ್ನೊಂದು ಪ್ರಕರಣದಲ್ಲಿ ಆರೋಪಿಯನ್ನು ಬಿಡುಗಡೆ ಮಾಡಿತು. ಆರು ಲಕ್ಷ ರೂಪಾಯಿ ಕೈಸಾಲ ಕೊಟ್ಟೆನೆಂದವರು 1997ರಲ್ಲೇ ನಿವೃತ್ತರಾದ ಬಸ್ ಕಂಡಕ್ಟರ್. ಅಷ್ಟು ಹಣ ಅವರಲ್ಲಿ ಎಲ್ಲಿತ್ತು ಎಂದು ಪಾಟೀಸವಾಲಿನಲ್ಲಿ ಕೇಳಿದ ಪ್ರಶ್ನೆಗೆ ಸಮಾಧಾನಕರ ಉತ್ತರ ಬರಲಿಲ್ಲ. ಚೆಕ್ಕಿನ ಸಹಿ ಒಪ್ಪಿದ ಮೇಲೆ ಸಾಲ ಇದೆಯೆಂದೇ ಕಾನೂನು ಊಹಿಸುತ್ತದೆ. ಆ ಊಹೆಯನ್ನು ಅಲ್ಲಾಡಿಸಲು ಒಂದು ಗಟ್ಟಿ ಪ್ರಶ್ನೆ ಸಾಕಾಗಬಹುದು ಎಂಬುದನ್ನು ಈ ತೀರ್ಪು ತೋರಿಸಿತು.

ಮಲೆನಾಡಿಗೆ ವಿಶೇಷವಾದ ಗೊಂದಲ ಒಂದಿದೆ. ಇಲ್ಲಿನ ಬೆಳೆಸಾಲ ಬಹುಪಾಲು ಸೊಸೈಟಿಯದು. ಸಹಕಾರ ಸಂಘದ ಸಾಲದ ತಕರಾರು 1959ರ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಂ ಪ್ರಕಾರ ಸಹಕಾರ ಇಲಾಖೆಯ ರಿಜಿಸ್ಟ್ರಾರರ ಕಡೆ ಇತ್ಯರ್ಥವಾಗುತ್ತದೆಯೇ ಹೊರತು ಸಿವಿಲ್ ಕೋರ್ಟಿನಲ್ಲಲ್ಲ. ‘ಕೋರ್ಟಿನ ಕಾಗದವಲ್ಲ, ಬಿಡು’ ಎಂದು ಆ ನೋಟಿಸನ್ನು ಮಾಡಿನ ಸಂದಿಗೆ ಸಿಕ್ಕಿಸಿಟ್ಟವರು ಇದ್ದಾರೆ. ಅಲ್ಲಿ ಆಗುವ ತೀರ್ಮಾನಕ್ಕೂ ವಸೂಲಿಯ ಬಲವಿದೆ. ಜಾಮೀನು ಹಾಕಿದ ನೆಂಟರಿಗೂ ಅದು ತಟ್ಟುತ್ತದೆ. 2025ರ ಫೆಬ್ರವರಿಯಲ್ಲಿ ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಸರ್ಕಾರ ತಂದ ಸುಗ್ರೀವಾಜ್ಞೆಯನ್ನು ಎಲ್ಲ ಸಾಲಕ್ಕೂ ಮನ್ನಾ ಎಂದೇ ಹಲವರು ತಿಳಿದದ್ದೂ ಇದೇ ಜಾತಿಯ ತಪ್ಪು. ಸೊಸೈಟಿಯ ನೋಟಿಸಿಗೆ ಅದು ಉತ್ತರವಾಗದು.

ಲೋಕ ಅದಾಲತ್ ಬಗ್ಗೆ ಹೊಗಳಿಕೆ ಧಾರಾಳ ಕೇಳಿಬರುತ್ತದೆ, ತಕ್ಕಮಟ್ಟಿಗೆ ಅದು ಸರಿಯೂ ಹೌದು. ವಾದಿ ಕಟ್ಟಿದ ಕೋರ್ಟ್ ಶುಲ್ಕ ವಾಪಸು ಬರುವುದರಿಂದ ಅವನೂ ಬಡ್ಡಿಯಲ್ಲಿ ಇಳಿಯಲು ಮನಸ್ಸು ಮಾಡುತ್ತಾನೆ. ಆದರೆ ಅಲ್ಲಿನ ರಾಜಿಗೆ ಮೇಲ್ಮನವಿ ಇಲ್ಲ, ಡಿಕ್ರಿಯಷ್ಟೇ ಬಲವಿದೆ. ಕೇಸು ಮುಗಿದರೆ ಸಾಕೆಂಬ ಆತುರದಲ್ಲಿ, ಅಡಿಕೆ ಮಾರಿದರೂ ಹುಟ್ಟದ ಮೊತ್ತಕ್ಕೆ ‘ಆಯ್ತು’ ಎಂದು ಸಹಿ ಹಾಕಿದವರಿಗೆ ಆಮೇಲೆ ಎದುರಾಗುವುದು ಅಮಲ್ಜಾರಿಯೇ. ರಾಜಿಯ ಯಶಸ್ಸನ್ನು ಒಂದೇ ದಿನ ಮುಗಿದ ಕೇಸುಗಳ ಸಂಖ್ಯೆಯಿಂದ ಅಳೆಯುವ ಪದ್ಧತಿ ಈ ದೋಷವನ್ನು ಮರೆಮಾಚುತ್ತದೆ.

ತಪ್ಪೆಲ್ಲ ಸಾಲಗಾರನದೇ ಅಲ್ಲ. ಸಮನ್ಸಿನ ಜತೆ ಕೊಡುವ ದಾವೆಯ ಪ್ರತಿ ಅನೇಕ ಸಲ ಇಂಗ್ಲಿಷಿನಲ್ಲಿರುತ್ತದೆ. ಎಷ್ಟು ದಿನದೊಳಗೆ ಏನು ಮಾಡಬೇಕು, ವಕೀಲರಿಗೆ ದುಡ್ಡಿಲ್ಲದವರು ಎಲ್ಲಿಗೆ ಹೋಗಬೇಕು ಎಂದು ಒಂದು ಪುಟ ನೇರ ಕನ್ನಡದಲ್ಲಿ ಅಚ್ಚು ಮಾಡಿಸಿ ಸಮನ್ಸಿಗೆ ಲಗತ್ತಿಸುವುದು ನ್ಯಾಯಾಂಗಕ್ಕೆ ದೊಡ್ಡ ಖರ್ಚಲ್ಲ. ಕಾನೂನು ಸೇವಾ ಪ್ರಾಧಿಕಾರಗಳು ಜಾತ್ರೆ, ಶಾಲೆಗಳಲ್ಲಿ ಮಾಡುವ ಭಾಷಣಕ್ಕಿಂತ ಆ ಒಂದು ಹಾಳೆ ಹೆಚ್ಚು ಕೆಲಸ ಮಾಡೀತು.

ಅದು ಬರುವ ತನಕ, ಅಮೀನರು ಬಂದಾಗ ಕಾಗದ ತೆಗೆದುಕೊಂಡು, ಕೈಗೆ ಬಂದ ತಾರೀಖನ್ನು ಮೇಲೆ ಬರೆದಿಡಿ. ಪ್ರೋನೋಟು, ರಸೀತಿ, ಪಾಸ್‌ಬುಕ್ ಹುಡುಕಿ ಒಟ್ಟಿಗಿಟ್ಟುಕೊಂಡು ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರು, ಪರಿಶಿಷ್ಟ ಜಾತಿ–ಪಂಗಡದವರು ಮೊದಲಾದವರಿಗೆ ಆದಾಯ ಎಷ್ಟೇ ಇರಲಿ, ಉಳಿದವರಿಗೆ ಆದಾಯದ ಮಿತಿಯೊಳಗೆ, ಅಲ್ಲಿ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಸಹಾಯವಾಣಿಯ ಸಂಖ್ಯೆ 15100.