ಗಾಳಿಯ ಹೆಜ್ಜೆ ಹಿಡಿಯುವ ಯಂತ್ರ

ಗಾಳಿ ಕಣ್ಣಿಗೆ ಕಾಣುವುದಿಲ್ಲ. ಆದರೂ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಕೂತ ಇನ್ಸಾಟ್-3ಡಿಎಸ್ ನೆರವಿನಿಂದ ಅದರ ವೇಗವನ್ನು ಲೆಕ್ಕ ಹಾಕಬಹುದು. 2024ರ ಫೆಬ್ರವರಿಯಲ್ಲಿ ಶ್ರೀಹರಿಕೋಟಾದಿಂದ ಹಾರಿದ ಈ ಉಪಗ್ರಹದ ಚಿತ್ರ ತೆಗೆಯುವ ಸಾಧನ ಇಮೇಜರ್‌ಗೆ ಬೇರೆ ಬೇರೆ ತರಂಗಾಂತರಗಳನ್ನು ಹಿಡಿಯುವ ಆರು ಚಾನೆಲ್‌ಗಳು. ಅದನ್ನು ಬಳಸುವ ಜಾಣತನ ನನಗೆ ಅಚ್ಚುಮೆಚ್ಚು. ಸುಮಾರು ಅರ್ಧ ಗಂಟೆಗೊಂದರಂತೆ ತೆಗೆದ ಮೂರು ಚಿತ್ರಗಳನ್ನು ಸಾಲಾಗಿಟ್ಟು, ಒಂದೇ ಮೋಡದ ತುಣುಕು ಎಲ್ಲಿಂದ ಎಲ್ಲಿಗೆ ಸರಿಯಿತೆಂದು ಕಂಪ್ಯೂಟರ್ ಹುಡುಕುತ್ತದೆ. ಸರಿದ ದೂರವನ್ನು ಸಮಯದಿಂದ ಭಾಗಿಸಿದರೆ ವೇಗ ಸಿಕ್ಕಿತು. ಎಷ್ಟು ಎತ್ತರದ ಗಾಳಿ? ಅದಕ್ಕೆ ಇನ್‌ಫ್ರಾರೆಡ್ ಚಾನೆಲ್ ಮೋಡದ ನೆತ್ತಿಯ ತಾಪ ಅಳೆಯುತ್ತದೆ, ತಣ್ಣಗಿದ್ದಷ್ಟೂ ಎತ್ತರದ್ದು. ತೆಳು ಮೋಡ ಮಾತ್ರ ಇಲ್ಲಿ ಕೈಕೊಡುತ್ತದೆ: ನೆಲದ ಬಿಸಿ ಅದರೊಳಗಿಂದ ಇಣುಕಿ, ಮೋಡ ಇರುವುದಕ್ಕಿಂತ ಕೆಳಗಿದೆಯೆಂದು ನಂಬಿಸಿಬಿಡುತ್ತದೆ.

ಮೋಡವೇ ಇಲ್ಲದ ಕಡೆ ನೀರಾವಿ ಚಾನೆಲ್ ಇದೆ. ನಮಗೆ ತಿಳಿಯಾಗಿ ಕಾಣುವ ಆಕಾಶದಲ್ಲೂ ಅದಕ್ಕೆ ತೇವಾಂಶದ ಪಟ್ಟೆಗಳು ಕಾಣುತ್ತವೆ. ಅವುಗಳ ಬೆನ್ನು ಹತ್ತಿದರೂ ಗಾಳಿ ಸಿಗುತ್ತದೆ. ಹವಾಮಾನ ಕೇಂದ್ರಗಳೇ ವಿರಳವಾದ ಅರಬ್ಬೀ ಸಮುದ್ರದ ಮೇಲೆ ಇದೇನು ಸಣ್ಣ ಲಾಭವಲ್ಲ.

ಇಮೇಜರ್ ಜೊತೆಗಿರುವ 19 ಚಾನೆಲ್‌ಗಳ ಸೌಂಡರ್ ವಾತಾವರಣದ ತಾಪ, ತೇವಗಳನ್ನು ಪದರ ಪದರವಾಗಿ ಬಿಡಿಸುತ್ತದೆ. ದಟ್ಟ ಮೋಡ ಅಡ್ಡ ಬಂದರೆ ಕೆಳಗಿನದು ಅದಕ್ಕೆ ಸಿಗದು; ಆಷಾಢದ ಮಲೆನಾಡಿನ ಮೇಲೆ ಅದರ ಪಾಡನ್ನು ಊಹಿಸಿಕೊಳ್ಳಿ!

ಉಪಗ್ರಹದ ನಿಯಂತ್ರಣ ನಮ್ಮ ಹಾಸನದಿಂದಲೇ. ಚಿತ್ರಗಳನ್ನು ಇಸ್ರೋದ ಮೊಸ್ಡಾಕ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಬಣ್ಣದವುಗಳಿಗೆ ಮರುಳಾಗದೆ ನೀರಾವಿಯ ಬೂದು ಚಿತ್ರವನ್ನು ತೆರೆಯಿರಿ ಎನ್ನುವುದು ನನ್ನ ಶಿಫಾರಸು. ಅದರಲ್ಲಿ ಕಪ್ಪಗೆ ಕಾಣುವುದೇ ಮೇಲಿನ ಒಣ ಹವೆ.