ಉರಿಯುವ ಎದೆಯ ಕಾರ್ಲಾಕ್

ಬೆಲ್ಜಿಯಂ ದೇಶದ ಲಾರಿಯನ್ ಸಂಸ್ಥೆಯವರು 2023ರಲ್ಲಿ ಪ್ರಕಟಿಸಿದ ‘ಬಾಲ್ಡರ್ಸ್ ಗೇಟ್ 3’ ಎಂಬ ಗಣಕಯಂತ್ರದ ಆಟವನ್ನು ಬಂಗಾರಪೇಟೆಯ ನಮ್ಮ ಮನೆಯ ಹುಡುಗರು ಆಡುತ್ತಿರಲು, ಪಕ್ಕದಲ್ಲಿ ಕುಳಿತು ಕಡೆಯವರೆಗೂ ನೋಡಿದೆವು. ಇದನ್ನು ಆಟವೆನ್ನುವುದಕ್ಕಿಂತ, ಆಡುವವನೇ ಒಳಹೊಕ್ಕು ನಡೆಸುವ ಅದ್ಭುತ ಕಥೆಯೆಂದರೆ ಸಲ್ಲುವುದು. ತೆರೆಯ ಮೇಲೆ ತೋರುವ ಮಾತುಗಳಲ್ಲಿ ಒಂದನ್ನು ನಾವು ಆರಿಸಬೇಕು. ಅನೇಕ ಸಲ ಇಪ್ಪತ್ತು ಮುಖದ ದಾಳವು ಅದರ ಫಲವನ್ನು ನಿರ್ಣಯಿಸುವುದು.

ಸಂಗಡಿಗರೊಡನೆ ಪ್ರಣಯಕ್ಕೂ ಇಲ್ಲಿ ಎಡೆಯುಂಟು. ಆದರೆ ನಾವು ಆಡಿದ ಮಾತನ್ನು ಅವರು ಮೆಚ್ಚಿದರೋ ಇಲ್ಲವೋ ಎಂದು ಒಡನೆಯೇ ಬರಹ ಮೂಡುತ್ತದೆ. ಒಲವನ್ನು ಅಂಗಡಿಯ ಲೆಕ್ಕದಂತೆ ಬರೆದಿಡುವುದು ರಸಭಂಗವೇ ಸರಿ.

ಕಾರ್ಲಾಕಳ ಪ್ರಸಂಗದಲ್ಲಿ ಮಾತ್ರ ಈ ದೋಷ ಮರೆತುಹೋಗುವುದು. ನರಕದ ಯುದ್ಧದಲ್ಲಿ ಹತ್ತು ವರ್ಷ ದುಡಿಸಿಕೊಂಡವರು ಅವಳ ಹೃದಯವನ್ನು ಕಿತ್ತು ಬೆಂಕಿಯ ಯಂತ್ರವನ್ನಿಟ್ಟಿದ್ದಾರೆ, ಮುಟ್ಟಿದವರು ಸುಡುತ್ತಾರೆ. ಕಮ್ಮಾರನೊಬ್ಬನು ನರಕದ ಕಬ್ಬಿಣದಿಂದ ಎರಡು ಸಲ ಅದನ್ನು ಸರಿಪಡಿಸಿದ ಮೇಲೆಯೇ ಅವಳು ಇನ್ನೊಬ್ಬರನ್ನು ಅಪ್ಪಬಲ್ಲಳು. ಆ ಹಿಗ್ಗನ್ನು ಕಂಡು ಹುಡುಗರು ಮಾತುಬಿಟ್ಟು ಕುಳಿತರು. ಆದರೂ ಯಂತ್ರ ಬಾಳುವುದಿಲ್ಲ. ನರಕಕ್ಕೆ ಹಿಂದಿರುಗದಿದ್ದರೆ ಅವಳು ಉರಿದುಹೋಗಬೇಕು. ಪ್ರಿಯನು ಬೇಕಾದರೆ ಜೊತೆಗೆ ಹೋಗಬಹುದು. ಅವಳನ್ನು ಇದ್ದಂತೆಯೇ ಈ ಲೋಕದಲ್ಲಿ ಉಳಿಸುವ ದಾರಿಯನ್ನು ಕರ್ತೃಗಳು ಇಟ್ಟಿಲ್ಲ.

ಇದು ಅನ್ಯಾಯವೆಂದು ಹುಡುಗರ ವಾದ. ಚಾಂಪಿಯನ್ ರೀಫಿನಲ್ಲಿ ಮೂರು ಸಾವಿರ ಮೀಟರಿಗೂ ಆಳದ ಆ ಸೆಕೆಯಲ್ಲಿ ದುಡಿದ ನಮ್ಮ ನೆರೆಯ ಹಿರಿಯರು ಒಪ್ಪಲಿಲ್ಲ. 2001ರಲ್ಲಿ ಗಣಿ ಮುಚ್ಚಿತು. ಎದೆಯ ಧೂಳು ಮುಚ್ಚಿತೇ ಎಂದು ಕೇಳಿದರು. ನಾವೂ ಅವರ ಪಕ್ಷವೇ.