ನೇರಳೆ ಪೆನ್ನು ಮತ್ತು ‘ಅವಸ್ಥೆ’

ಯು.ಆರ್. ಅನಂತಮೂರ್ತಿಯವರ ‘ಅವಸ್ಥೆ’ಯನ್ನು ಎಂ.ಎ. ತರಗತಿಗೆ ಹಲವು ವರ್ಷಗಳಿಂದ ಪಾಠ ಮಾಡುತ್ತ ಬಂದಿದ್ದೇನೆ. 1978ರಲ್ಲಿ ಬಂದ ಈ ಕಾದಂಬರಿಯನ್ನು ಶಾಂತವೇರಿ ಗೋಪಾಲಗೌಡರ ಬದುಕಿನ ಪಕ್ಕದಲ್ಲಿಟ್ಟು ಓದುವುದು, ಸಮಾಜವಾದಿ ಚಳವಳಿಯ ಏಳುಬೀಳು ಹೇಳುವುದು, ಕೊನೆಗೆ ‘ಅಧಿಕಾರ ಮತ್ತು ಆತ್ಮಸಾಕ್ಷಿ’ ಎಂದು ಬೋರ್ಡಿನ ಮೇಲೆ ಬರೆದು ತರಗತಿ ಮುಗಿಸುವುದು ನನ್ನ ರೂಢಿ. ಪರೀಕ್ಷೆಯಲ್ಲೂ ಅದೇ ಪ್ರಶ್ನೆ, ಅದೇ ಉತ್ತರ. ಶಿಕ್ಷಕರ ಕ್ಷೇತ್ರದ ಚುನಾವಣೆ ಮುಗಿದ ಮೇಲೆ ಮತ್ತೆ ಓದಿದಾಗ ನನ್ನ ಪಾಠದ ಬಗ್ಗೆಯೇ ಅನುಮಾನ ಹುಟ್ಟಿತು.

ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರು ಆರಿಸುವಂಥವು. ಚುನಾವಣೆ ಬಂತೆಂದರೆ ಸ್ಟಾಫ್ ರೂಮಿಗೆ ಕಳೆ ಬರುತ್ತದೆ. ಅಭ್ಯರ್ಥಿಗಳು ಕೈಮುಗಿದು ಒಳಬರುತ್ತಾರೆ. ಪಿಂಚಣಿ, ವರ್ಗಾವಣೆ, ಬಡ್ತಿಯ ಮಾತಾಗುತ್ತದೆ. ಗ್ರಂಥಾಲಯದ ಮಾತನ್ನು ಯಾರಾದರೂ ಎತ್ತಿದ್ದು ನಾನು ಕೇಳಿಲ್ಲ, ನಾನೂ ಎತ್ತಿಲ್ಲ. ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಲ್ಲೇ 1, 2, 3 ಎಂದು ಪ್ರಾಶಸ್ತ್ಯ ಬರೆಯಬೇಕು. ‘ಒಂದು’ ಎಂದು ಅಕ್ಷರದಲ್ಲಿ ಬರೆದರೆ, ಟಿಕ್ ಹಾಕಿದರೆ ಮತ ಕೆಟ್ಟಂತೆ. ಜೀವಮಾನವಿಡೀ ಕೆಂಪು ಪೆನ್ನಿನಲ್ಲಿ ಟಿಕ್ ಹಾಕಿದ ಕೈಗಳಿಗೆ ಇದೇ ಕಷ್ಟದ ಪರೀಕ್ಷೆ.

ಪಟ್ಟಿಗೆ ಸೇರಬೇಕಾದರೆ ಹಿಂದಿನ 6 ವರ್ಷಗಳಲ್ಲಿ ಒಟ್ಟು 3 ವರ್ಷವಾದರೂ ಪಾಠ ಮಾಡಿರಬೇಕು. ಸಂಸ್ಥೆಯ ಮುಖ್ಯಸ್ಥರ ಪ್ರಮಾಣಪತ್ರವೂ ಬೇಕು. ನಮ್ಮ ವಿಭಾಗದ ಅತಿಥಿ ಉಪನ್ಯಾಸಕರೊಬ್ಬರು ಅರ್ಜಿ ಹಿಡಿದು ಬಂದರು. ‘ಸರ್, ನೀವೊಂದು ಮಾತು ಬರೆದುಕೊಡಿ, ಪ್ರಿನ್ಸಿಪಾಲರ ಹತ್ರ ನಾನೇ ಸಹಿ ಹಾಕಿಸ್ಕೊಳ್ತೀನಿ’ ಎಂದರು. ನನಗಿಂತ ಹೆಚ್ಚು ಪೀರಿಯಡ್ ತೆಗೆದುಕೊಳ್ಳುವವರು. ರಜೆಯ ತಿಂಗಳುಗಳಲ್ಲಿ ಸಂಬಳವಿಲ್ಲ. ಅವರನ್ನು ‘ಪೂರ್ಣಾವಧಿ’ ಎಂದು ಬರೆಯಬಹುದೇ? ನಾಳೆ ಯಾರಾದರೂ ಆಕ್ಷೇಪ ಎತ್ತಿದರೆ? ‘ನೋಡೋಣ’ ಎಂದೆ. ಕಾಗದ ಉತ್ತರಪತ್ರಿಕೆಗಳ ಬಂಡಲಿನ ಕೆಳಗೆ ಸೇರಿತು. ಕೊನೆಯ ದಿನಾಂಕ ದಾಟಿತು. ಅವರು ಮತ್ತೆ ಕೇಳಲಿಲ್ಲ. ಮತದಾನದ ದಿನ ನಮಗೆ ವಿಶೇಷ ಸಾಂದರ್ಭಿಕ ರಜೆ. ಆ ದಿನ ನನ್ನ ತರಗತಿಯನ್ನೂ ಅವರೇ ತೆಗೆದುಕೊಂಡರು.

ಇಷ್ಟಾದ ಮೇಲೆ ಕೃಷ್ಣಪ್ಪಗೌಡನ ಮುಂದೆ ಕೂತೆ. ಪಾರ್ಶ್ವವಾಯು ಬಡಿದು ಮಲಗಿದ ರೈತ ನಾಯಕ, ಮುಖ್ಯಮಂತ್ರಿಯಾಗುವ ಅವಕಾಶ, ಅದಕ್ಕಾಗಿ ಮಾಡಿಕೊಳ್ಳಬೇಕಾದ ರಾಜಿ. ನಾನು ಇಷ್ಟು ವರ್ಷ ಆ ರಾಜಿಯ ಎತ್ತರವನ್ನೇ ಕೊಂಡಾಡಿದ್ದೆ. ಒಬ್ಬ ದೊಡ್ಡ ಮನುಷ್ಯ, ಒಂದು ದೊಡ್ಡ ತೊಳಲಾಟ. ನಮ್ಮ ರಾಜಕೀಯ ಕಾದಂಬರಿಗಳಿಗೆ, ಅದಕ್ಕಿಂತ ಹೆಚ್ಚಾಗಿ ನಮ್ಮ ವಿಮರ್ಶೆಗೆ, ಈ ಎತ್ತರದ ಚಟವಿದೆ. ಸಹಿಯಾಗದ ಒಂದು ಕಾಗದದಷ್ಟು ಸಣ್ಣ ರಾಜಿಯನ್ನು ಅಳೆಯುವ ಮಾತು ನಮ್ಮಲ್ಲಿ ಕಡಿಮೆ.

ಕಾದಂಬರಿ ಮಾತ್ರ ನನ್ನ ನೋಟ್ಸಿಗಿಂತ ಜಾಣ. ಕೃಷ್ಣಪ್ಪ ತನ್ನ ನೆನಪುಗಳಲ್ಲಿ ಸ್ವಾಭಿಮಾನಿ, ಹಾಸಿಗೆಯಲ್ಲಿ ಪರಾಧೀನ. ಎತ್ತಿ ಕೂರಿಸಲು, ಒರೆಸಲು ಇನ್ನೊಬ್ಬರು ಬೇಕು. ಹೆಂಡತಿ ಸೀತೆಯ ಮೇಲೆ ಅವನ ಸಿಡುಕನ್ನು ನಾನು ‘ಪಾತ್ರದ ದೌರ್ಬಲ್ಯ’ ಎಂದು ಒಂದೇ ಸಾಲಿನಲ್ಲಿ ದಾಟಿಬಿಡುತ್ತಿದ್ದೆ. ಆದರೆ ಸಮಾನತೆಯ ಮಾತಾಡಿದ ನಾಯಕ ತನ್ನನ್ನು ಹೊತ್ತವರನ್ನೇ ಕಾಣದಿರುವುದು ಕೃತಿಯ ಅಂಚಿನ ಸಂಗತಿಯಲ್ಲ. ಮುಖ್ಯಮಂತ್ರಿ ಪದವಿಯ ಪ್ರಶ್ನೆಗಿಂತ ಅದು ನನಗೆ ಹತ್ತಿರದ್ದು.

ನಮ್ಮ ಮೇಷ್ಟ್ರುಗಳು ಚುನಾವಣೆಗೆ ನಿಂತದ್ದೂ ಉಂಟು. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಪ್ರಾಂಶುಪಾಲರಾಗಿದ್ದ ಗೋಪಾಲಕೃಷ್ಣ ಅಡಿಗರು 1971ರಲ್ಲಿ ಜನಸಂಘದಿಂದ ಲೋಕಸಭೆಗೆ ನಿಂತು ಸೋತರು. ಸ್ವತಃ ಅನಂತಮೂರ್ತಿ 2006ರಲ್ಲಿ ರಾಜ್ಯಸಭೆಗೆ ಸ್ಪರ್ಧಿಸಿ ಸೋತರು. ಇಬ್ಬರೂ ಇಂಗ್ಲಿಷ್ ಅಧ್ಯಾಪಕರು. ಯಾವ ಪಕ್ಷ, ಯಾಕೆ ಎಂಬುದರ ಬಗ್ಗೆ ನಾವು ಬೇಕಾದಷ್ಟು ಜಗಳವಾಡಿದ್ದೇವೆ. ಅದು ಸುಲಭವೂ ಹೌದು, ಸೋತವರು ಬೇರೆಯವರಲ್ಲವೇ.

ಈ ಸೆಮಿಸ್ಟರಿನ ಪತ್ರಿಕೆಯಿಂದ ಹಳೆಯ ಪ್ರಶ್ನೆಯನ್ನು ತೆಗೆದಿದ್ದೇನೆ. ‘ಕೃಷ್ಣಪ್ಪನನ್ನು ಎತ್ತಿ ಕೂರಿಸುವವರ ಕಡೆಯಿಂದ ಅವಸ್ಥೆಯನ್ನು ಓದಿ’ ಎಂದು ಕೇಳಿದ್ದೇನೆ. ಮೌಲ್ಯಮಾಪನದ ಆ ಬಂಡಲ್ ಹೋಗಿರುವುದು ಅದೇ ಅತಿಥಿ ಉಪನ್ಯಾಸಕರಿಗೆ.